ಗಾಳಿಯ ಮೇಲೆ ನಿಂತ ಕಾರು

ಚಕ್ರದ ಬಳಿಯಿರುವ ಸಣ್ಣದೊಂದು ಕಡ್ಡಿ ದುರಸ್ತಿಯ ವೇಳೆ ಇಷ್ಟು ಭಯಭಕ್ತಿಯನ್ನು ಬೇಡುವುದೇಕೆ?

ಮೈಸೂರು, ಬೆಂಗಳೂರುಗಳ ಬೀದಿಗಳಲ್ಲಿ ಜಟಕಾ ಬಂಡಿಗಳು ಓಡಾಡುತ್ತಿದ್ದ ಕಾಲವನ್ನು ಕಂಡವರಿಗೆ ಒಂದು ಮಾತು ನೆನಪಿರಬಹುದು. ಪ್ರಯಾಣಿಕರು ಹತ್ತಿ ಕುಳಿತೊಡನೆಯೇ ಬಂಡಿಯವನು ಹಿಂದಿರುಗಿ ನೋಡಿ, "ಸ್ವಾಮಿ, ಸ್ವಲ್ಪ ಮುಂದಕ್ಕೆ ಬನ್ನಿ, ಹಿಂದೆ ಭಾರವಾಯಿತು" ಎನ್ನುತ್ತಿದ್ದ. ಎರಡೇ ಚಕ್ರದ ಆ ಬಂಡಿಯಲ್ಲಿ ಭಾರ ಹಿಂದಾದರೆ ಮೂಕಿ ಮೇಲೇಳುತ್ತಿತ್ತು. ಮುಂದಾದರೆ ಕುದುರೆಯ ಬೆನ್ನಿಗೆ ಹೇರಾಗುತ್ತಿತ್ತು. ಕುದುರೆಯ ಕಷ್ಟಸುಖವನ್ನು ಬಲ್ಲ ಆ ಮನುಷ್ಯ ತನ್ನ ಕಣ್ಣಿನಿಂದಲೇ ಬಂಡಿಯ ಎತ್ತರವನ್ನು ಅಳೆದು, ಬಾಯಿಮಾತಿನಿಂದಲೇ ಅದನ್ನು ಸರಿಪಡಿಸುತ್ತಿದ್ದ. ಇಂದು ಬೆಲೆಬಾಳುವ ಕಾರುಗಳಲ್ಲಿ ಅವನ ಕೆಲಸವನ್ನು ಚಕ್ರದ ಮಗ್ಗುಲಲ್ಲಿ ಅಡಗಿ ಕುಳಿತ ಬೆಂಕಿಪೊಟ್ಟಣದಷ್ಟು ಗಾತ್ರದ ಡಬ್ಬಿಯೊಂದು ಮಾಡುತ್ತಿದೆ. ಅದರ ಕೈಯಲ್ಲಿ ಒಂದು ಸಣ್ಣ ಕಡ್ಡಿ. ಮೆಕ್ಯಾನಿಕ್ಕುಗಳು ಇದನ್ನು 'ಹೈಟ್ ಸೆನ್ಸರ್' ಎನ್ನುತ್ತಾರೆ. ನಾವು ಬೇಕಾದರೆ ಎತ್ತರದ ಕಾವಲುಗಾರ ಎನ್ನಬಹುದು.

ಈ ಕಾವಲುಗಾರನ ಸ್ವಭಾವ ವಿಚಿತ್ರವಾದುದು. ಅವನು ಎಂದೂ ನಿದ್ರಿಸುವುದಿಲ್ಲವೆಂದರೆ ಹೆಚ್ಚು ತಪ್ಪಾಗಲಾರದು. ಕಾರನ್ನು ನಿಲ್ಲಿಸಿ, ಎಂಜಿನನ್ನು ಆರಿಸಿ, ಒಡೆಯನು ಮನೆಯೊಳಕ್ಕೆ ಹೋದ ಮೇಲೂ ಎಷ್ಟೋ ಹೊತ್ತಿನವರೆಗೆ ಅವನು ಎಚ್ಚರವಾಗಿರುತ್ತಾನೆ. ಬಾಗಿಲು ತೆರೆದರೆ, ಕೀಲಿಕೈ ಸಮೀಪಕ್ಕೆ ಬಂದರೆ ಮತ್ತೆ ಏಳುತ್ತಾನೆ. ಕಾರು ಓಡುತ್ತಿರುವಾಗ ಇದು ಗುಣವೇ ಹೌದು. ಆದರೆ ಅದೇ ಕಾರು ಜಾಕಿನ ಮೇಲಿದ್ದು, ಅದರ ಹೊಟ್ಟೆಯಡಿಯಲ್ಲಿ ಮನುಷ್ಯನೊಬ್ಬ ಬೆನ್ನ ಮೇಲೆ ಮಲಗಿ ನಟ್ಟು ಬಿಚ್ಚುತ್ತಿರುವಾಗ ಈ ಗುಣವೇ ಮುಳುವಾಗುವುದುಂಟು.

ಮೊದಲು ಇದರ ಹುಟ್ಟಿನ ಕಥೆ. ಕಮಾನು ಪಟ್ಟಿಯಾಗಲಿ ಸುರುಳಿ ಸ್ಪ್ರಿಂಗಾಗಲಿ ಒಂದು ದೋಷದಿಂದ ಪಾರಾಗಲಾರವು. ಮೆದುವಾಗಿ ಮಾಡಿದರೆ ಹಳ್ಳ ದಿಣ್ಣೆಗಳಲ್ಲಿ ಸುಖ. ಆದರೆ ನಾಲ್ಕು ಜನ ಕುಳಿತು ಹಿಂದೆ ಪೆಟ್ಟಿಗೆಗಳನ್ನು ತುಂಬಿದೊಡನೆ ಕಾರು ಕುಸಿದು ಕೂರುತ್ತದೆ. ಗಟ್ಟಿಯಾಗಿ ಮಾಡಿದರೆ ಭಾರ ತಡೆಯುತ್ತದೆ. ಆದರೆ ಒಬ್ಬನೇ ಕುಳಿತು ಹೋಗುವಾಗ ಸೊಂಟ ಮುರಿಯುತ್ತದೆ. ಈ ಇಬ್ಬಂದಿಗೆ ಫ್ರಾನ್ಸಿನ ಸಿಟ್ರೊಯೆನ್ ಕಾರ್ಖಾನೆಯ ಪಾಲ್ ಮಾಜೆಸ್ ಎಂಬ ತಂತ್ರಜ್ಞ ಅಪೂರ್ವವಾದ ಪರಿಹಾರವನ್ನು ಕಂಡುಹಿಡಿದ. ಸ್ಪ್ರಿಂಗನ್ನೇ ಕಿತ್ತುಹಾಕಿ ಅದರ ಜಾಗದಲ್ಲಿ ಉಕ್ಕಿನ ಗೋಳವನ್ನಿಟ್ಟ. ಗೋಳದೊಳಗೆ ರಬ್ಬರಿನ ಪೊರೆ. ಒಂದು ಕಡೆ ಒತ್ತಿ ತುಂಬಿದ ನೈಟ್ರೊಜನ್ ಅನಿಲ, ಇನ್ನೊಂದು ಕಡೆ ಎಣ್ಣೆಯಂತಹ ದ್ರವ. ಅನಿಲವೇ ಸ್ಪ್ರಿಂಗು. ದ್ರವವನ್ನು ಹೆಚ್ಚಿಸಿದರೆ ಕಾರು ಏಳುತ್ತದೆ, ಹೊರಬಿಟ್ಟರೆ ಇಳಿಯುತ್ತದೆ. ೧೯೫೪ರಲ್ಲಿ ಹಳೆಯ ಮಾದರಿಯ ಕಾರೊಂದರ ಹಿಂದಿನ ಚಕ್ರಗಳಲ್ಲಿ ಇದರ ಪರೀಕ್ಷೆಯಾಯಿತು. ೧೯೫೫ರ ಅಕ್ಟೋಬರಿನಲ್ಲಿ ಪ್ಯಾರಿಸಿನ ಪ್ರದರ್ಶನದಲ್ಲಿ 'ಡಿ.ಎಸ್.' ಕಾರು ನಾಲ್ಕೂ ಚಕ್ರಗಳಲ್ಲಿ ಈ ವ್ಯವಸ್ಥೆಯೊಡನೆ ಹೊರಬಂದಾಗ, ಮೊದಲ ದಿನವೇ ಸುಮಾರು ೧೨,೦೦೦ ಜನ ಮುಂಗಡ ಕೊಟ್ಟು ಹೆಸರು ಬರೆಸಿದರೆಂದು ಪ್ರಸಿದ್ಧಿಯಿದೆ.

ದ್ರವವನ್ನು ಯಾವಾಗ ಹೆಚ್ಚಿಸಬೇಕು, ಯಾವಾಗ ಬಿಡಬೇಕು ಎಂಬುದನ್ನು ನಿರ್ಣಯಿಸುವವರು ಯಾರು? ಅಲ್ಲಿಯೇ ನಮ್ಮ ಕಾವಲುಗಾರನ ಜನನ. ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಅಡ್ಡದಂಡದ ನಡುವಿಗೆ ಒಂದು ಕಡ್ಡಿಯನ್ನು ಕಟ್ಟಿ, ಅದರ ಮತ್ತೊಂದು ತುದಿಯನ್ನು ಸಣ್ಣದೊಂದು ಕವಾಟಕ್ಕೆ ಜೋಡಿಸಿದ್ದರು. ಹಿಂದಿನ ಚಕ್ರಗಳಿಗೂ ಹಾಗೆಯೇ ಇನ್ನೊಂದು. ಕಾರು ಕುಸಿದರೆ ಕಡ್ಡಿ ಕವಾಟವನ್ನು ಒಂದು ಕಡೆಗೆ ತಳ್ಳಿ ದ್ರವವನ್ನು ಒಳಬಿಡುತ್ತದೆ. ಏರಿದರೆ ಇನ್ನೊಂದು ಕಡೆಗೆ ಎಳೆದು ಹೊರಬಿಡುತ್ತದೆ. ರಸ್ತೆಯ ಒಂದೊಂದು ಕುಳಿಗೂ ಕವಾಟ ಕುಣಿದಾಡಬಾರದಲ್ಲವೆ? ಅದಕ್ಕಾಗಿ ಕವಾಟದ ಚಲನೆಯನ್ನು ನಿಧಾನಗೊಳಿಸುವ ಏರ್ಪಾಟನ್ನೂ ಅದರೊಳಗೇ ಮಾಡಿದ್ದರು. ಕ್ಷಣಿಕವಾದ ಎಗರಾಟಕ್ಕೆ ಅದು ಕಿವುಡು. ನಿಂತ ಭಾರಕ್ಕೆ ಮಾತ್ರ ಓಗೊಡುತ್ತದೆ. ಇದರಲ್ಲಿ ವಿದ್ಯುತ್ತಿಲ್ಲ, ಗಣಕವಿಲ್ಲ. ಕಡ್ಡಿ ಮತ್ತು ಕವಾಟ, ಅಷ್ಟೆ. ನನ್ನ ಅಭಿಪ್ರಾಯದಲ್ಲಿ ಮೋಟಾರು ಶಿಲ್ಪದಲ್ಲಿ ಇದಕ್ಕಿಂತ ಸೊಗಸಾದ ಕಲ್ಪನೆಗಳು ಹೆಚ್ಚಿಲ್ಲ.

೧೯೬೨ರ ಆಗಸ್ಟ್ ೨೨ರಂದು ಪ್ಯಾರಿಸಿನ ಹೊರವಲಯದ ಪತಿ-ಕ್ಲಾಮಾರ್ ಎಂಬಲ್ಲಿ ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ ಅವರ ಕಾರಿನ ಮೇಲೆ ಗುಂಡಿನ ಮಳೆಗರೆದಾಗ, ಟೈರುಗಳು ಒಡೆದರೂ ಅವರ ಡಿ.ಎಸ್. ಕಾರು ನಿಲ್ಲದೆ ಓಡಿ ಅವರನ್ನು ಉಳಿಸಿತು. ಚಾಲಕನ ಎದೆಗಾರಿಕೆಗೆ ಸಲ್ಲಬೇಕಾದ ಕೀರ್ತಿಯಲ್ಲಿ ಅರ್ಧವನ್ನು ಆ ಸಸ್ಪೆನ್ಷನ್ನಿಗೆ ಕೊಡುವುದು ವಾಡಿಕೆಯಾಗಿಬಿಟ್ಟಿದೆ.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು ಆ ಕಾರಿನ ಚಕ್ರ ಬದಲಾಯಿಸುವ ರೀತಿ. ಅದಕ್ಕೆ ತಿರುಗಿಸಿ ಎತ್ತುವ ಜಾಕಿನ ಅಗತ್ಯವೇ ಇರಲಿಲ್ಲ. ಚಾಲಕನ ಬಳಿಯಿದ್ದ ಸನ್ನೆಯಿಂದ ಕಾರನ್ನು ಅತ್ಯುನ್ನತ ಮಟ್ಟಕ್ಕೆ ಏರಿಸಿ, ಪಕ್ಕದಲ್ಲಿ ಒಂದು ಊರೆಗೋಲನ್ನು ಸಿಕ್ಕಿಸಿ, ಆಮೇಲೆ ಸನ್ನೆಯನ್ನು ಅತ್ಯಂತ ಕೆಳಮಟ್ಟಕ್ಕೆ ತಳ್ಳಿದರಾಯಿತು. ಕಾರು ಕುಳಿತುಕೊಳ್ಳಲು ಹವಣಿಸುತ್ತದೆ, ಊರೆಗೋಲು ಬಿಡುವುದಿಲ್ಲ, ಕೊನೆಗೆ ಆ ಮಗ್ಗುಲಿನ ಚಕ್ರಗಳೇ ನೆಲ ಬಿಟ್ಟು ಮೇಲೇಳುತ್ತವೆ! ಕಾವಲುಗಾರನ ಹಟವನ್ನೇ ಮನುಷ್ಯ ತನ್ನ ಕೆಲಸಕ್ಕೆ ಹೂಡಿಕೊಂಡ ಉಪಾಯವಿದು. ಆ ಕಾರಿನ ತಯಾರಿಕೆ ೧೯೭೫ರಲ್ಲಿ ನಿಂತಿತು. ಅದರ ಪರಂಪರೆಯ ದ್ರವದ ಸಸ್ಪೆನ್ಷನ್ ೨೦೧೭ರವರೆಗೂ ಸಿಟ್ರೊಯೆನ್ ಕಾರುಗಳಲ್ಲಿ ಉಳಿದಿತ್ತು.

ಅಮೆರಿಕದವರು ದ್ರವವನ್ನು ಬಿಟ್ಟು ಗಾಳಿಯನ್ನೇ ನೆಚ್ಚಿದರು. ರಬ್ಬರಿನ ಚೀಲದಲ್ಲಿ ಗಾಳಿ ತುಂಬಿ ಅದರ ಮೇಲೆ ಕಾರನ್ನು ಕೂರಿಸುವ ಪದ್ಧತಿ ೧೯೫೭ರ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೂಮ್ ಕಾರಿನಲ್ಲಿ ಬಂತು. ೧೯೫೮ರಲ್ಲಿ ಜನರಲ್ ಮೋಟಾರ್ಸಿನ ಇತರ ಕಾರುಗಳಿಗೂ ಹಬ್ಬಿತು. ಆದರೆ ಆ ಕಾಲದ ರಬ್ಬರು, ಆ ಕಾಲದ ಕೀಲುಗಳು ಇದನ್ನು ತಾಳಲಿಲ್ಲ. ರಾತ್ರಿ ನೆಟ್ಟಗೆ ನಿಂತಿದ್ದ ಕಾರು ಬೆಳಗಾಗುವಷ್ಟರಲ್ಲಿ ಮಂಡಿಯೂರಿರುತ್ತಿತ್ತು. ಬೇಸತ್ತ ಒಡೆಯರು ಚೀಲಗಳನ್ನು ಕಿತ್ತೆಸೆದು ಮತ್ತೆ ಸುರುಳಿ ಸ್ಪ್ರಿಂಗುಗಳನ್ನೇ ಹಾಕಿಸಿಕೊಂಡರು. ಜರ್ಮನಿಯ ಮರ್ಸಿಡಿಸ್ ೧೯೬೧ರಲ್ಲಿ ಇದೇ ದಾರಿ ಹಿಡಿದು ಹೆಚ್ಚು ಯಶಸ್ಸು ಪಡೆಯಿತು. ೧೯೮೪ರಲ್ಲಿ ಅಮೆರಿಕದ ಲಿಂಕನ್ ಕಾರುಗಳಲ್ಲಿ ವಿದ್ಯುತ್ ಸಂವೇದಕಗಳೂ ಗಣಕವೂ ಸೇರಿಕೊಂಡವು. ಅಂದಿನಿಂದ ಕಡ್ಡಿಯು ಕವಾಟವನ್ನು ತಾನೇ ತಳ್ಳುವುದನ್ನು ಬಿಟ್ಟು, ಗಣಕಕ್ಕೆ ವರದಿ ಒಪ್ಪಿಸುವ ಗುಮಾಸ್ತನಾಯಿತು. ಇಂದಿನ ರೇಂಜ್ ರೋವರ್, ಮರ್ಸಿಡಿಸ್, ಆಡಿ, ಟೆಸ್ಲಾ ಮುಂತಾದವುಗಳ ಗಾಳಿಯ ಸಸ್ಪೆನ್ಷನ್ನುಗಳೆಲ್ಲ ಇದೇ ಮನೆತನದವು.

ಈ ಗುಮಾಸ್ತನು ಕೆಲಸ ಮಾಡುವ ಬಗೆಯನ್ನು ತಿಳಿದರೆ ದುರಸ್ತಿಯ ಕಷ್ಟವೂ ತಿಳಿಯುತ್ತದೆ. ಡಬ್ಬಿಯನ್ನು ಕಾರಿನ ಚೌಕಟ್ಟಿಗೆ ಬಿಗಿದಿರುತ್ತಾರೆ. ಅದರ ತೋಳಿನಿಂದ ಹೊರಟ ಕಡ್ಡಿ ಚಕ್ರವನ್ನು ಹೊತ್ತ ಲೋವರ್ ಆರ್ಮಿಗೆ ಸಣ್ಣ ಗುಂಡುಕೀಲಿನಿಂದ ಸಿಕ್ಕಿಕೊಂಡಿರುತ್ತದೆ. ಚಕ್ರ ಮೇಲೆ ಕೆಳಗೆ ಆಡಿದಂತೆ ತೋಳು ತಿರುಗುತ್ತದೆ; ತಿರುಗಿದಷ್ಟೂ ಡಬ್ಬಿ ಕಳುಹಿಸುವ ವಿದ್ಯುತ್ ಸಂಕೇತ ಬದಲಾಗುತ್ತದೆ. ಗಣಕ ಆ ಸಂಖ್ಯೆಯನ್ನು ಓದಿ, 'ಎಡಗಡೆ ಮುಂದಿನ ಮೂಲೆ ತಗ್ಗಿದೆ' ಎಂದು ತೀರ್ಮಾನಿಸಿ, ಕಂಪ್ರೆಸರಿಗೆ ಆಜ್ಞೆ ಕೊಡುತ್ತದೆ. ಗಣಕಕ್ಕೆ ಕಣ್ಣಿಲ್ಲ. ಕಾರು ರಸ್ತೆಯ ಮೇಲಿದೆಯೋ, ಕಾರ್ಖಾನೆಯ ಲಿಫ್ಟಿನ ಮೇಲಿದೆಯೋ ಎಂಬುದು ಅದಕ್ಕೆ ತಿಳಿಯುವುದು ಕಷ್ಟ. ಕಡ್ಡಿ ಹೇಳಿದ್ದೇ ಅದಕ್ಕೆ ವೇದವಾಕ್ಯ.

ಈಗ ಕಾರನ್ನು ಎರಡು ಕಂಬದ ಲಿಫ್ಟಿನ ಮೇಲೆ ಏರಿಸಿದೆವೆನ್ನೋಣ. ಚಕ್ರಗಳು ಜೋಲಾಡುತ್ತವೆ. ನಾಲ್ಕೂ ಕಡ್ಡಿಗಳು ಒಕ್ಕೊರಲಿನಿಂದ, 'ಕಾರು ಬಹಳ ಎತ್ತರವಾಗಿಬಿಟ್ಟಿದೆ' ಎಂದು ಕೂಗುತ್ತವೆ. ಗಣಕ ಎಚ್ಚರವಾಗಿದ್ದರೆ ಚೀಲಗಳ ಗಾಳಿಯನ್ನು ಬಿಡುತ್ತದೆ, ಬಿಡುತ್ತಲೇ ಹೋಗುತ್ತದೆ. ಕೆಲಸ ಮುಗಿಸಿ ಕಾರನ್ನು ಇಳಿಸಿದಾಗ ಖಾಲಿ ಚೀಲಗಳ ಮೇಲೆ ಎರಡು ಟನ್ನಿನ ಭಾರ ಬೀಳುತ್ತದೆ. ಗಾಳಿಯಿಲ್ಲದ ರಬ್ಬರು ತನ್ನ ಮಡಿಕೆಯಂತೆ ಮಡಿಯದೆ ಅಡ್ಡಾದಿಡ್ಡಿಯಾಗಿ ಸಿಕ್ಕಿಕೊಂಡು ನಲುಗುತ್ತದೆ. ಅಲ್ಲಿಗೆ ಬುಷ್ ಬದಲಾಯಿಸಲು ಬಂದ ಕಾರಿಗೆ ಚೀಲವನ್ನೂ ಬದಲಾಯಿಸಬೇಕಾಯಿತು. ಬುಷ್ಷಿನ ಬೆಲೆಗೂ ಚೀಲದ ಬೆಲೆಗೂ ಅಜಗಜಾಂತರ.

ಅದು ಹಣದ ಮಾತು. ಜಾಕಿನ ಮೇಲೆ ಒಂದೇ ಮೂಲೆಯನ್ನು ಎತ್ತಿದಾಗ ಬರುವ ಅಪಾಯ ಪ್ರಾಣದ್ದು. ಆ ಮೂಲೆಯ ಕಡ್ಡಿ 'ಎತ್ತರ' ಎಂದೂ ಉಳಿದ ಮೂಲೆಗಳು ಬೇರೆ ಏನನ್ನೋ ಹೇಳಿದಾಗ ಗಣಕವು ಕಾರನ್ನು ಸಮಗೊಳಿಸಲು ತೊಡಗುತ್ತದೆ. ಜಾಕಿನ ತಲೆಯ ಮೇಲೆ ಕೂತ ಕಾರು ತಾನಾಗಿ ಕದಲಿದರೆ ಏನಾದೀತೆಂಬುದನ್ನು ವಿವರಿಸಬೇಕಾಗಿಲ್ಲ. ಇದಕ್ಕಾಗಿಯೇ ಲಿಂಕನ್ ಕಾರುಗಳ ಡಿಕ್ಕಿಯಲ್ಲಿ ಒಂದು ಸ್ವಿಚ್ಚನ್ನು ಇಟ್ಟು, ಕಾರನ್ನು ಎತ್ತುವ ಮೊದಲು ಅದನ್ನು ಆರಿಸಬೇಕೆಂದು ಎಚ್ಚರಿಕೆ ಬರೆದಿದ್ದರು. ಇಂದಿನ ಆಡಿ, ಟೆಸ್ಲಾ ಮುಂತಾದ ಕಾರುಗಳಲ್ಲಿ ಪರದೆಯ ಮೇಲೆಯೇ 'ಜಾಕ್ ಮೋಡ್' ಎಂಬ ಆಯ್ಕೆ ಉಂಟು. ಅದನ್ನು ಒತ್ತಿದರೆ ಗಣಕ ಕೈಕಟ್ಟಿ ಕುಳಿತುಕೊಳ್ಳುತ್ತದೆ. ಅಂತಹ ಆಯ್ಕೆ ಇಲ್ಲದ ಕಾರಿನಲ್ಲಿ ತಯಾರಕರ ಕೈಪಿಡಿಯನ್ನು ನೋಡಿ ಸಂಬಂಧಪಟ್ಟ ಫ್ಯೂಸನ್ನು ತೆಗೆಯಬೇಕು. ಸಾಮಾನ್ಯವಾಗಿ ಚೀಲದ ಕವಾಟಗಳು ವಿದ್ಯುತ್ತಿಲ್ಲದಾಗ ಮುಚ್ಚಿಯೇ ಇರುವಂತೆ ಮಾಡಿರುತ್ತಾರಾದುದರಿಂದ, ವಿದ್ಯುತ್ತನ್ನು ಕಡಿದರೆ ಗಾಳಿ ಇದ್ದಲ್ಲಿಯೇ ನಿಲ್ಲುತ್ತದೆ.

ಅನುಭವವುಳ್ಳ ಮೇಸ್ತ್ರಿ ಕಾರಿನ ಒಡೆಯನನ್ನು ಮೊದಲು ಕೇಳುವ ಪ್ರಶ್ನೆ ಕಾರಿನ ಕಾಯಿಲೆಯ ವಿಷಯವಲ್ಲ.

"ಕೀಲಿಕೈ ಎಲ್ಲಿದೆ, ಸಾರ್?"

"ನನ್ನ ಜೇಬಿನಲ್ಲೇ ಇದೆಯಲ್ಲ, ಏಕೆ?"

"ದಯವಿಟ್ಟು ಆಫೀಸಿನ ಮೇಜಿನ ಮೇಲೆ ಇಟ್ಟುಬಿಡಿ. ನೀವು ಹತ್ತಿರ ಬಂದರೆ ಕಾರು ಎದ್ದುಬಿಡುತ್ತೆ. ನಮ್ಮ ಹುಡುಗ ಕೆಳಗಿದ್ದಾನೆ."

ಇದು ಕೇವಲ ಕಾರಿನ ಮಾತಲ್ಲ. ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ವೋಲ್ವೊ ಕಾರ್ಖಾನೆ ೧೯೯೮ರಲ್ಲಿ ಲಾರಿಗಳ ತಯಾರಿಕೆಯನ್ನು ಆರಂಭಿಸಿ, ಮುಂದೆ ಬಸ್ಸುಗಳನ್ನೂ ಹೊರತಂದ ಮೇಲೆ ಗಾಳಿಯ ಚೀಲದ ಮೇಲೆ ಕೂತ ವಾಹನವು ನಮ್ಮ ಜನಸಾಮಾನ್ಯರಿಗೂ ಪರಿಚಿತವಾಯಿತು. ಬೆಂಗಳೂರು ನಗರ ಸಾರಿಗೆಯ ತಗ್ಗು ಮೆಟ್ಟಿಲಿನ ವೋಲ್ವೊ ಬಸ್ಸು ನಿಲ್ದಾಣದಲ್ಲಿ ಉಸ್ಸೆಂದು ನಿಟ್ಟುಸಿರು ಬಿಟ್ಟು ಮಗ್ಗುಲಿಗೆ ವಾಲುವುದನ್ನು ಕಂಡವರಿಗೆ, ಗಾಳಿ ಹೊರಟಾಗ ಎಷ್ಟು ಬೇಗ ಎಷ್ಟು ಭಾರ ಇಳಿಯಬಲ್ಲುದೆಂಬ ಅಂದಾಜು ಇರುತ್ತದೆ. ವೃದ್ಧರಿಗೆ ಅನುಕೂಲವಾಗಲೆಂದು ಮಾಡಿದ ಆ ವಿನಯವೇ ಬಸ್ಸಿನ ಕೆಳಗೆ ತೆವಳಿದವನ ಪಾಲಿಗೆ ಮೃತ್ಯುವಾಗಬಹುದು. ಅನೇಕ ಬಸ್ಸುಗಳಲ್ಲಿ ಇಂದಿಗೂ ಎತ್ತರವನ್ನು ಕಾಯುವುದು ಹಳೆಯ ಕಡ್ಡಿ-ಕವಾಟವೇ. ಅದರ ಕಡ್ಡಿಯನ್ನು ಬಿಚ್ಚಿ ತೋಳನ್ನು ಕೈಯಿಂದ ತಿರುಗಿಸಿದರೆ ಬಸ್ಸು ಕ್ಷಣಾರ್ಧದಲ್ಲಿ ಏರುತ್ತದೆ, ಇಲ್ಲವೆ ಇಳಿಯುತ್ತದೆ. ಗಾಳಿಯ ಕೊಳವೆಯೊಂದು ಸಡಿಲವಾದರೂ ಸಾಕು. ಗಾಳಿಯ ಸಸ್ಪೆನ್ಷನ್ನಿನ ವಾಹನಗಳ ಚೌಕಟ್ಟಿಗೆ ಆಧಾರ ಕೊಡದೆ ಕೆಳಗೆ ಹೋಗಬಾರದೆಂದು ಬ್ರಿಟನ್ನಿನ ಸುರಕ್ಷತಾ ಇಲಾಖೆ ಕಾರ್ಖಾನೆಗಳನ್ನು ಎಚ್ಚರಿಸುತ್ತ ಬಂದಿದೆ. ಚಕ್ರದ ಕೆಳಗೆ ಜಾಕು ಕೊಡುವುದು ಇಲ್ಲಿ ಆಧಾರವೇ ಅಲ್ಲ. ಚಕ್ರ ನಿಂತಲ್ಲೇ ನಿಂತು, ಚೌಕಟ್ಟು ಮಾತ್ರ ಕೆಳಗೆ ಬರುತ್ತದೆ. ಕಬ್ಬಿಣದ ಸ್ಟ್ಯಾಂಡು ಚೌಕಟ್ಟಿಗೇ ಕೊಡಬೇಕು. ನಮ್ಮಲ್ಲಿ ಎಷ್ಟೋ ಕಡೆ ಇಟ್ಟಿಗೆ, ಮರದ ತುಂಡು, ಹಳೆಯ ಚಕ್ರದ ರಿಮ್ಮು ಇವೇ ಸ್ಟ್ಯಾಂಡುಗಳಾಗಿವೆ. ಕಮಾನು ಪಟ್ಟಿಯ ಲಾರಿಗೇ ಇದು ತಪ್ಪು. ಗಾಳಿಯ ಬಸ್ಸಿಗೆ ಮಹಾಪರಾಧ.

ಇನ್ನು ಕಡ್ಡಿಯ ಉಪಚಾರ. ಲೋವರ್ ಆರ್ಮನ್ನೋ ಶಾಕ್ ಅಬ್ಸಾರ್ಬರನ್ನೋ ಬಿಚ್ಚುವ ಮೊದಲು ಕಡ್ಡಿಯನ್ನು ಬಿಡಿಸಿಕೊಳ್ಳಬೇಕು; ಇದು ಮೊದಲ ಪಾಠ. ಏಕೆಂದರೆ ಬಂಧನ ಕಳಚಿದ ಆರ್ಮು ತಾನು ಎಂದೂ ಇಳಿಯದಷ್ಟು ಕೆಳಕ್ಕೆ ಇಳಿದು, ಕಡ್ಡಿಯನ್ನೂ ಜೊತೆಗೆ ಎಳೆಯುತ್ತದೆ. ಸಂವೇದಕದ ತೋಳು ತನ್ನ ಮಿತಿಯನ್ನು ದಾಟಿ ಆಚೆ ಬದಿಗೆ ಮಗುಚಿಕೊಳ್ಳುತ್ತದೆ. ಆಮೇಲೆ ಚಕ್ರವನ್ನು ಎತ್ತಿದಾಗ ಅದು ಹಿಂದಕ್ಕೆ ಬಾರದೆ ಲಟಕ್ಕನೆ ಮುರಿಯುತ್ತದೆ. ಬಿಡಿಸುವಾಗ ಕಡ್ಡಿಯ ನಡುವನ್ನು ಹಿಡಿದು ಎಳೆಯುವುದೂ ಸಲ್ಲದು. ಕೆಸರು, ಬಿಸಿಲುಗಳಲ್ಲಿ ಹತ್ತು ವರ್ಷ ಸವೆದ ಪ್ಲಾಸ್ಟಿಕ್ಕಿನ ಕೀಲು ಒಣಗಿದ ಹಪ್ಪಳದಂತಾಗಿರುತ್ತದೆ. ಅದನ್ನು ಶುಚಿಮಾಡಿ, ಗುಂಡಿನ ಬುಡಕ್ಕೇ ಚಪ್ಪಟೆಯಾದ ಸಲಕರಣೆಯನ್ನು ತೂರಿಸಿ ಮೆಲ್ಲನೆ ಮೀಟಬೇಕು. ಬಿಡಿಸಿದ ಕಡ್ಡಿ ಯಾವ ರಂಧ್ರದಲ್ಲಿತ್ತು, ತೋಳು ಯಾವ ಕಡೆಗೆ ಮುಖಮಾಡಿತ್ತು ಎಂಬುದಕ್ಕೆ ಬಣ್ಣದ ಗುರುತು ಹಾಕಿ, ಬೇಕಾದರೆ ಚಿತ್ರ ತೆಗೆದುಕೊಂಡು, ಕಡ್ಡಿಯನ್ನು ದಾರದಿಂದ ಮೇಲಕ್ಕೆ ಕಟ್ಟಿಬಿಡಬೇಕು. ತಲೆಕೆಳಗಾಗಿ ಜೋಡಿಸಿದ ಸಂವೇದಕವು ಸುಳ್ಳುಸಾಕ್ಷಿಯಂತೆ; ಕಾರು ಕುಸಿದಾಗ 'ಏರಿತು' ಎನ್ನುತ್ತದೆ, ಗಣಕ ಇನ್ನಷ್ಟು ಗಾಳಿ ಬಿಡುತ್ತದೆ.

ರಬ್ಬರಿನ ಬುಷ್ಷುಗಳ ವಿಷಯದಲ್ಲಿ ಒಂದು ಸೂಕ್ಷ್ಮವುಂಟು. ಆರ್ಮಿನ ಬೋಲ್ಟನ್ನು ಚಕ್ರ ಜೋಲಾಡುತ್ತಿರುವಾಗಲೇ ಪೂರ್ತಿ ಬಿಗಿದರೆ, ಕಾರು ನೆಲಕ್ಕಿಳಿದೊಡನೆ ರಬ್ಬರು ಸದಾಕಾಲ ತಿರುಚಿಕೊಂಡೇ ಇರುತ್ತದೆ, ಬೇಗನೆ ಹರಿಯುತ್ತದೆ. ಆದುದರಿಂದ ಕಾರು ತನ್ನ ಸಹಜ ಎತ್ತರದಲ್ಲಿರುವಾಗಲೇ ಕೊನೆಯ ಬಿಗಿತ ಕೊಡಬೇಕು. ಗಾಳಿಯ ಕಾರು ಎತ್ತಿದ ಸ್ಥಿತಿಯಲ್ಲಿ ತನ್ನ ಸಹಜ ಎತ್ತರವೆಷ್ಟೆಂದು ಹೇಳುವುದೆಲ್ಲಿಂದ ಬಂತು? ಜಾಣನಾದ ಮೇಸ್ತ್ರಿ ಕಾರನ್ನು ಎತ್ತುವ ಮೊದಲೇ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಎಷ್ಟು ಮಿಲಿಮೀಟರು ಇದೆಯೆಂದು ನಾಲ್ಕೂ ಮೂಲೆಗಳಲ್ಲಿ ಟೇಪು ಹಿಡಿದು ಬರೆದುಕೊಂಡಿರುತ್ತಾನೆ. ಜೋಡಿಸುವಾಗ ಜಾಕಿನಿಂದ ಆರ್ಮನ್ನು ಅದೇ ಅಳತೆಗೆ ಎತ್ತಿ ಬೋಲ್ಟನ್ನು ಬಿಗಿಯುತ್ತಾನೆ. ಹೊಸ ಸಂವೇದಕ ಹಾಕಿದ್ದರೆ ಇದೇ ಅಳತೆಯನ್ನು ಸಮನೆಲದ ಮೇಲೆ ಪುನಃ ತೆಗೆದು ಪರೀಕ್ಷಾಯಂತ್ರದ ಮೂಲಕ ಗಣಕಕ್ಕೆ ಉಪದೇಶಿಸಬೇಕು. ಹೊಸ ಗುಮಾಸ್ತನಿಗೆ ಹಳೆಯ ಲೆಕ್ಕ ಒಪ್ಪಿಸಿದಂತೆ.

"ನಮ್ಮದು ಗಾಳಿಯ ಕಾರಲ್ಲ, ಸಾಧಾರಣ ಸ್ಪ್ರಿಂಗಿನದು, ಈ ಗೊಡವೆ ನಮಗೇಕೆ?" ಎನ್ನುವವರು ಸ್ವಲ್ಪ ತಾಳಬೇಕು. ಪ್ರಖರವಾದ ದೀಪಗಳುಳ್ಳ ಅನೇಕ ಕಾರುಗಳಲ್ಲಿ ಇದೇ ಕಾವಲುಗಾರ ಮುಂದಿನ ಮತ್ತು ಹಿಂದಿನ ಆರ್ಮುಗಳ ಬಳಿ ದೀಪದ ಸೇವೆಗಾಗಿ ಕುಳಿತಿದ್ದಾನೆ. ಹಿಂದೆ ಭಾರ ಹೇರಿ ಕಾರಿನ ಮೂಗು ಮೇಲೆದ್ದಾಗ ದೀಪಗಳನ್ನು ತಗ್ಗಿಸುವುದು ಅವನ ಕೆಲಸ. ೨,೦೦೦ ಲೂಮೆನ್ನಿಗಿಂತ ಹೆಚ್ಚು ಬೆಳಕು ಬೀರುವ ಮಂದ ದೀಪಗಳಿಗೆ ಇಂತಹ ಸ್ವಯಂಚಾಲಿತ ಏರ್ಪಾಟು ಇರಬೇಕೆಂದು ಯೂರೋಪಿನ ನಿಯಮಗಳು ಬಹುಕಾಲ ವಿಧಿಸಿದ್ದುವು. ಆರ್ಮು ಬದಲಾಯಿಸಿದ ಮೆಕ್ಯಾನಿಕ್ ಆ ಕಡ್ಡಿಯನ್ನು ಜೋಡಿಸಲು ಮರೆತರೆ, ಅಥವಾ ಮುರಿದ ಕಡ್ಡಿಯನ್ನು ತಂತಿಯಿಂದ ಕಟ್ಟಿ 'ಸರಿಯಾಯಿತು' ಎಂದರೆ, ದೀಪ ನೆಲ ನೋಡಬಹುದು, ಇಲ್ಲವೆ ಎದುರಿನವನ ಕಣ್ಣು ನೋಡಬಹುದು. ಹಾಸನದ ದಾರಿಯಲ್ಲೋ ಹುಬ್ಬಳ್ಳಿಯ ದಾರಿಯಲ್ಲೋ ರಾತ್ರಿ ಎದುರಿನ ಬೆಳಕಿಗೆ ಕುರುಡರಾದವರಿಗೆ ಇದರ ಅರ್ಥ ಆದೀತು.

ಕಾವಲುಗಾರನನ್ನು ಬೇಕೆಂದೇ ವಂಚಿಸುವವರೂ ಇದ್ದಾರೆ. ಕಡ್ಡಿಯ ಉದ್ದವನ್ನು ಬದಲಾಯಿಸಿದರೆ ಗಣಕ ಮೋಸಹೋಗುತ್ತದೆ. ಕಾರು ಸಹಜಕ್ಕಿಂತ ತಗ್ಗಿ ಇಲ್ಲವೆ ಏರಿ ನಿಲ್ಲುತ್ತದೆ. ಅಂತಹ ಕಡ್ಡಿಗಳು ಮಾರಾಟಕ್ಕೂ ದೊರೆಯುತ್ತವೆ. ಕಾರು ನೆಲಕ್ಕೆ ಅಂಟಿದಂತೆ ಕಂಡರೆ ತರುಣರಿಗೆ ಅದೊಂದು ಶೋಕಿ. ತಗ್ಗಿಸಿದ ಕಾರಿನಲ್ಲಿ ಚೀಲಕ್ಕೆ ಮಡಿಯಲು ಉಳಿದ ಸ್ಥಳ ಕಡಮೆ. ನಮ್ಮ ಬೀದಿಯ ಒಂದೊಂದು ಹಂಪಿನಲ್ಲಿಯೂ ತಳ ಕುಟ್ಟುತ್ತದೆ. ಒಂದೇ ಕೊನೆಯನ್ನು ತಗ್ಗಿಸಿದರಂತೂ ಕಾರು ಓರೆಯಾಗಿದ್ದರೂ ಗಣಕ ಅದನ್ನು ಸಮವೆಂದೇ ನಂಬಿ, ದೀಪವನ್ನು ಸರಿಪಡಿಸದೆ ಬಿಡುತ್ತದೆ. ದುರಸ್ತಿಗಾಗಿ ಒಂದು ಗಂಟೆ ಕಾವಲುಗಾರನ ಕಣ್ಣು ಕಟ್ಟುವುದು ಬೇರೆ, ರಸ್ತೆಗೆ ಇಳಿದ ಮೇಲೆ ಅವನಿಗೆ ಸುಳ್ಳು ಕಲಿಸುವುದು ಬೇರೆ. ಎರಡನೆಯದನ್ನು ನಾನು ಒಪ್ಪಲಾರೆ.

ಒಡೆಯರಿಗೆ ಖರ್ಚಿನ ಒಂದು ಮಾತು. 'ಸಸ್ಪೆನ್ಷನ್ ದೋಷ' ಎಂಬ ದೀಪ ಹೊತ್ತಿಕೊಂಡಾಗ ಕಂಪ್ರೆಸರನ್ನೇ ಬದಲಾಯಿಸಬೇಕೆಂದು ಸಾವಿರಾರು ರೂಪಾಯಿಗಳ ಪಟ್ಟಿ ಕೈಗೆ ಬರುವುದುಂಟು. ಒಪ್ಪುವ ಮೊದಲು ಚಕ್ರವನ್ನು ಪೂರ್ತಿ ತಿರುಗಿಸಿ ಕಡ್ಡಿ ಮುರಿದಿದೆಯೇ, ಪ್ಲಗ್ಗಿನಲ್ಲಿ ಹಸಿರು ಕಿಲುಬು ಹಿಡಿದಿದೆಯೇ ಎಂದು ದೀಪ ಹಿಡಿದು ನೋಡಿಸಿ. ಚೀಲಕ್ಕೆ ಸಾಬೂನಿನ ನೀರು ಸವರಿಸಿ; ಸಣ್ಣ ಗುಳ್ಳೆ ಎದ್ದರೆ ಗಾಳಿ ಅಲ್ಲಿ ಸೋರುತ್ತಿದೆ. ಕಂಪ್ರೆಸರು ಸುಟ್ಟಿರುವುದು ನಿಜವಾದರೂ ಬಹುಮಟ್ಟಿಗೆ ಅದು ಸೋರುವ ಚೀಲವನ್ನು ತುಂಬಿ ತುಂಬಿ ಸೋತು ಸುಟ್ಟಿರುತ್ತದೆ. ಸೋರಿಕೆಯನ್ನು ಹಾಗೆಯೇ ಬಿಟ್ಟು ಹೊಸ ಕಂಪ್ರೆಸರು ಹಾಕಿದರೆ ಅದರ ಗತಿಯೂ ಅಷ್ಟೆ.

ದುರಸ್ತಿ ಮುಗಿದ ಕಾರನ್ನು ಇಳಿಸುವಾಗ ಚಕ್ರ ನೆಲ ಮುಟ್ಟುವ ಮುನ್ನ ಲಿಫ್ಟನ್ನು ತಡೆದು, ಪರೀಕ್ಷಾಯಂತ್ರದಿಂದ ಚೀಲಗಳಿಗೆ ಸ್ವಲ್ಪ ಗಾಳಿ ತುಂಬಿಸಿ, ಮಡಿಕೆಗಳು ಸರಿಯಾಗಿ ಕೂತಿವೆಯೇ ನೋಡಿಕೊಂಡು ಆಮೇಲೆ ಪೂರ್ತಿ ಇಳಿಸಬೇಕು. ಅಂದೇ ಕಾರನ್ನು ಒಯ್ಯುವ ಆತುರ ಬೇಡ. ರಾತ್ರಿಯಿಡೀ ಸಮನೆಲದ ಮೇಲೆ ನಿಲ್ಲಿಸಿ, ಬೆಳಗ್ಗೆ ಬಾಗಿಲು ತೆರೆಯುವ ಮುನ್ನವೇ, ಕಾವಲುಗಾರ ಎದ್ದು ತಗ್ಗನ್ನು ಮುಚ್ಚಿಹಾಕುವ ಮುನ್ನವೇ, ನಾಲ್ಕೂ ಮೂಲೆಗಳಿಗೆ ಟೇಪು ಹಿಡಿದು ಹಿಂದಿನ ಸಂಜೆಯ ಅಳತೆಯೊಡನೆ ಹೋಲಿಸಬೇಕು. ಯಾವ ಮೂಲೆ ಎರಡು ಬೆರಳಿನಷ್ಟು ಇಳಿದಿದೆಯೋ ಆ ಮೂಲೆಯ ಚೀಲವನ್ನೋ ಕೊಳವೆಯನ್ನೋ ಕವಾಟವನ್ನೋ ಇನ್ನೊಮ್ಮೆ ನೋಡಬೇಕಾಗುತ್ತದೆ.